ಯಾವೂರ ಫ್ರೆಂಚ್ ಕಲಿಯುತ್ತೀರಿ?

ನಮ್ಮ ಸಂಘದ ಮಕ್ಕಳಲ್ಲಿ ಎಷ್ಟೋ ಮಂದಿ ಶಾಲೆಯಲ್ಲಿ ಫ್ರೆಂಚ್ ತೆಗೆದುಕೊಂಡವರು. ಯಾಕಪ್ಪಾ ಎಂದು ಕೇಳಿದರೆ ಉತ್ತರ ಒಂದೇ: "ಆಂಟಿ, ಮಾರ್ಕ್ಸ್ ಚೆನ್ನಾಗಿ ಬರುತ್ತೆ." ಬರಲಿ, ಸಂತೋಷ. ಪರೀಕ್ಷೆ ಮುಗಿದ ಮೇಲೆ ಆ ಫ್ರೆಂಚ್ ಎಲ್ಲಿಗೆ ಹೋಗುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. 'ಬೊಂಝೂರ್', 'ಮೆರ್ಸಿ', 'ಕೊಮಾಂ ತಾಲೆ ವೂ', ಇಷ್ಟು ನಾಲಿಗೆಯ ಮೇಲೆ ಉಳಿದರೆ ಹೆಚ್ಚು.

ನನ್ನದು ಇಂಗ್ಲಿಷ್ ಬಿ.ಎ. ಫ್ರೆಂಚ್ ನನ್ನ ಓದಿನಲ್ಲಿ ಇರಲಿಲ್ಲ. ಮಗಳು ಕಲಿಯತೊಡಗಿದಾಗ ಪಕ್ಕದಲ್ಲಿ ಕುಳಿತು, ಒಲೆಯ ಮೇಲಿನ ಸಾರು ನೋಡಿಕೊಳ್ಳುತ್ತಾ, ನಾನೂ ಕಲಿತೆ. ಈಗ ಅವಳು ಫ್ರಾನ್ಸಿನ ಲಿಯೋಂನಲ್ಲಿದ್ದಾಳೆ. ತಂಗಿಯ ಮಗ ಕೆನಡಾದ ಮಾಂಟ್ರಿಯಲ್‌ನಲ್ಲಿ. ಇಬ್ಬರೂ ಫೋನ್ ಮಾಡಿದಾಗ ಒಂದೊಂದು ಹೊಸ ಮಾತು ಹೇಳುತ್ತಾರೆ. ಒಂದೇ ವಸ್ತುವಿಗೆ ಇವಳದೊಂದು ಹೆಸರು, ಅವನದೊಂದು ಹೆಸರು. ಪುಸ್ತಕದಲ್ಲಿ ಎರಡೂ ಇರುವುದಿಲ್ಲ. ಹೀಗೆ ಕೂಡಿಟ್ಟದ್ದನ್ನು, ಆಮೇಲೆ ನಾನೇ ಹುಡುಕಿ ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

'ಮೆರ್ಸಿ'ಯಿಂದಲೇ ಶುರುಮಾಡೋಣ. ಯಾರಾದರೂ ನಿಮಗೆ ಮೆರ್ಸಿ ಎಂದರೆ ಏನೆನ್ನಬೇಕು? 'ದ ರಿಯಾಂ' ಎಂದು ಪುಸ್ತಕ ಹೇಳುತ್ತದೆ. 'ಅದೇನೂ ಇಲ್ಲ ಬಿಡಿ' ಎಂದ ಹಾಗೆ. ಸ್ವಲ್ಪ ಮರ್ಯಾದೆ ಹೆಚ್ಚಾಗಬೇಕಿದ್ದರೆ 'ಝ ವೂಝಾಂ ಪ್ರೀ'. ಫ್ರಾನ್ಸಿನ ದಕ್ಷಿಣಕ್ಕೆ, ತುಲೂಸ್ ಕಡೆಗೆ ಹೋದರೆ ಅಂಗಡಿಯವರು 'ಅವೆಕ್ ಪ್ಲೆಝೀರ್', ಅಂದರೆ 'ಸಂತೋಷದಿಂದ' ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ 'ಸೆರ್ವೀಸ್' ಎಂಬ ಒಂದೇ ಮಾತು. ಮಾಂಟ್ರಿಯಲ್‌ನಲ್ಲಿ 'ಬಿಯಾಂವ್‌ನ್ಯು'. ಈ ಕೊನೆಯದನ್ನು ಪ್ಯಾರಿಸ್ಸಿನವರು ಕೇಳಿದರೆ ನಗುತ್ತಾರೆ, ಯಾಕೆಂದರೆ ಅವರಿಗೆ ಅದು ಮನೆಗೆ ಬಂದವರನ್ನು ಸ್ವಾಗತಿಸುವ ಮಾತು. ಇಂಗ್ಲಿಷಿನ 'ಯು ಆರ್ ವೆಲ್ಕಮ್' ಅಲ್ಲಿ ಫ್ರೆಂಚ್ ವೇಷ ತೊಟ್ಟಿದೆ. ಇತ್ತೀಚೆಗೆ ಫ್ರಾನ್ಸಿನ ಹುಡುಗರು ಎಲ್ಲದಕ್ಕೂ 'ಪಾ ದ ಸೂಸಿ', 'ಚಿಂತೆಯಿಲ್ಲ' ಎನ್ನುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಇದಕ್ಕೆ ಫ್ರೆಂಚ್ ಅಕಾಡೆಮಿ ಮೂಗು ಮುರಿದಿದೆ. ಹುಡುಗರು ಕೇಳಿಸಿಕೊಂಡಂತೆ ಕಾಣುವುದಿಲ್ಲ.

ಬೆಲ್ಜಿಯಮ್ಮಿನಲ್ಲಿ ಇನ್ನೊಂದು ತಮಾಷೆಯಿದೆ. 'ಸಿಲ್ ವೂ ಪ್ಲೆ' ಎಂದರೆ 'ದಯವಿಟ್ಟು' ಎಂದು ನಾವೆಲ್ಲ ಕಲಿತದ್ದು, ಏನನ್ನಾದರೂ ಬೇಡುವಾಗ ಆಡುವ ಮಾತು. ಬ್ರಸೆಲ್ಸ್‌ನಲ್ಲಿ ಕೊಡುವಾಗಲೂ ಅದನ್ನೇ ಆಡುತ್ತಾರೆ. ಕಾಫಿ ತಂದು ಮೇಜಿನ ಮೇಲಿಟ್ಟವನೇ 'ಸಿಲ್ ವೂ ಪ್ಲೆ' ಎನ್ನುತ್ತಾನೆ. 'ತಗೊಳ್ಳಿ' ಎಂದು ಅರ್ಥ.

ಮೆರ್ಸಿಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಯಾರಾದರೂ 'ಇನ್ನಷ್ಟು ಬಡಿಸಲೇ?' ಎಂದು ಕೇಳಿದಾಗ ನೀವು ಬರೀ 'ಮೆರ್ಸಿ' ಎಂದರೆ 'ಬೇಡ' ಎಂದೇ ತಿಳಿಯುವವರು ಬಹಳ. ಬೇಕಿದ್ದರೆ 'ವಿ' ಎನ್ನಬೇಕು, ಅಂದರೆ ಹೌದು. ನಮ್ಮಲ್ಲಿಯ ಹಾಗೆ ಬೇಡ ಬೇಡ ಎನ್ನುತ್ತಾ ಎಲೆಯ ಮೇಲೆ ಕೈ ಅಡ್ಡ ಹಿಡಿದು, ಮೂರನೆಯ ಸಲಕ್ಕೆ ಹೋಳಿಗೆ ಹಾಕಿಸಿಕೊಳ್ಳುವ ಪದ್ಧತಿ ಅಲ್ಲಿ ನಡೆಯದು. ಹಸಿದುಕೊಂಡೇ ಏಳಬೇಕಾದೀತು.

ಈ 'ವಿ'ಗೂ ಒಂದು ಕಥೆಯಿದೆ. ಹಿಂದೆ ಫ್ರಾನ್ಸಿನ ಉತ್ತರದಲ್ಲಿ ಹೌದು ಎನ್ನುವುದಕ್ಕೆ 'ಒಯಿಲ್', ದಕ್ಷಿಣದಲ್ಲಿ 'ಓಕ್'. ಭಾಷೆಗಳನ್ನೇ ಈ ಒಂದು ಪದದಿಂದ ಗುರುತಿಸುತ್ತಿದ್ದರು. ಇಟಲಿಯ ಕವಿ ದಾಂತೆ 14ನೆಯ ಶತಮಾನದ ಆರಂಭದಲ್ಲಿ ಬರೆದ ಭಾಷೆಯ ಕುರಿತ ಗ್ರಂಥದಲ್ಲಿ 'ಓಕ್ ಎನ್ನುವವರು, ಒಯಿಲ್ ಎನ್ನುವವರು, ಸಿ ಎನ್ನುವವರು' ಎಂದೇ ಜನರನ್ನು ಬೇರ್ಪಡಿಸುತ್ತಾನೆ. ದಕ್ಷಿಣದ ಒಂದು ಪ್ರಾಂತಕ್ಕೆ ಇಂದಿಗೂ ಲಾಂಗ್‌ದೋಕ್ ಎಂಬ ಹೆಸರಿದೆ, 'ಓಕ್ ನುಡಿ' ಎಂದು ಅರ್ಥ. ನಮ್ಮ ತವರಿನ ಧಾರವಾಡವನ್ನು 'ಹೌದ್ರಿ' ಎಂಬ ನಾಡು, ಅತ್ತೆಯ ಊರಾದ ಉಡುಪಿಯನ್ನು 'ಹೌದು ಮಾರಾಯ್ರೆ' ಎಂಬ ನಾಡು ಎಂದು ಕರೆದರೆ ಹೇಗಿರುತ್ತದೋ ಹಾಗೆ. ಒಯಿಲ್ ಸವೆದು 'ವಿ' ಆಯಿತು. ಮನೆಮಾತಿನಲ್ಲಿ ಅದು 'ವೆ' ಎಂದಾಗುತ್ತದೆ, ನಮ್ಮ 'ಹೂಂ' ಇದ್ದ ಹಾಗೆ. ಸಂದರ್ಶನದಲ್ಲಿ ಕುಳಿತು ಆಡುವಂಥದ್ದಲ್ಲ. ಇದರ ಜೊತೆಗೆ 'ಸಿ' ಎಂಬ ಇನ್ನೊಂದು ಹೌದು ಇದೆ, ಅದು ವಾದಕ್ಕೆ ಮಾತ್ರ. 'ನೀನು ಊಟ ಮಾಡಿಲ್ಲ ಅಲ್ಲವೇ?' ಎಂದರೆ 'ಸಿ!' ಎನ್ನಬೇಕು, 'ಮಾಡಿದ್ದೇನಲ್ಲ!' ಎಂದ ಹಾಗೆ. ಇಂಗ್ಲಿಷಿನಲ್ಲಿ ಈ ಅನುಕೂಲವಿಲ್ಲ.

'ತ್ಯು' ಮತ್ತು 'ವೂ' ನಿಮಗೆ ಗೊತ್ತು, ನಮ್ಮ ನೀನು ಮತ್ತು ನೀವು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಅಜ್ಜನಿಗೆ 'ನೀನು ಬಾ' ಎಂದು ಬೈಸಿಕೊಳ್ಳುತ್ತಾರೆ. ಫ್ರೆಂಚ್ ತರಗತಿಯಲ್ಲಿ ಮಾತ್ರ ಇದೇ ವ್ಯತ್ಯಾಸವನ್ನು ತಪ್ಪಿಲ್ಲದೆ ಬರೆದು ಹತ್ತಕ್ಕೆ ಹತ್ತು ತರುತ್ತಾರೆ! ಬಳಕೆ ಮಾತ್ರ ಪಟ್ಟಿ ಮಾಡಿ ಕಲಿಸಲಾಗದ್ದು. ಗಂಡ ಹೆಂಡತಿ ತ್ಯು ಎನ್ನುವುದೇ ಇಂದು ಸಾಮಾನ್ಯ. ಆದರೆ ಹಳೆಯ ದೊಡ್ಡ ಮನೆತನಗಳಲ್ಲಿ ಪರಸ್ಪರ ವೂ ಎನ್ನುವವರಿದ್ದಾರೆ; ಫ್ರಾನ್ಸಿನ ಅಧ್ಯಕ್ಷರಾಗಿದ್ದ ಝಾಕ್ ಶಿರಾಕ್ ಮತ್ತು ಅವರ ಪತ್ನಿ ಹಾಗೇ ಮಾತಾಡಿಕೊಳ್ಳುತ್ತಿದ್ದರು. ಗಮನಿಸಿ, ಇಬ್ಬರೂ ವೂ. ಹೆಂಡತಿ 'ನೀವು' ಎನ್ನುವುದು, ಗಂಡ 'ನೀನು' ಎನ್ನುವುದು, ಅದು ನಮ್ಮ ವಿಶೇಷ. 1793ರಲ್ಲಿ, ಮಹಾಕ್ರಾಂತಿಯ ಬಿಸಿಯಲ್ಲಿ, ಎಲ್ಲರೂ ಸಮಾನರು ಎಂದ ಮೇಲೆ ವೂ ಯಾಕೆ ಎಂದು ಸರ್ಕಾರಿ ವ್ಯವಹಾರದಲ್ಲಿ ಎಲ್ಲರಿಗೂ ತ್ಯು ಹಚ್ಚಿದರು. ಬಹಳ ಕಾಲ ನಿಲ್ಲಲಿಲ್ಲ. ಮಾಂಟ್ರಿಯಲ್‌ನಲ್ಲಿ ತ್ಯು ಬೇಗ ಬಾಯಿಗೆ ಬರುತ್ತದೆ. ಅಲ್ಲಿಂದ ಪ್ಯಾರಿಸ್ಸಿಗೆ ಹೋದವರು ಅಂಗಡಿಯವನಿಗೆ ತ್ಯು ಎಂದರೆ ಅವನ ಮುಖ ಸಣ್ಣದಾಗುತ್ತದೆ. ಮದುವೆಯಾಗದ ಹುಡುಗಿಗೆ ಹೇಳುವ 'ಮದ್‌ಮ್ವಾಝೆಲ್' ಎಂಬುದನ್ನು ಸರ್ಕಾರ 2012ರಲ್ಲಿ ತನ್ನ ಅರ್ಜಿ ನಮೂನೆಗಳಿಂದ ತೆಗೆಯಿತು. ಗಂಡಸರಿಗೆ ಮದುವೆಯಾಗಿದೆಯೇ ಇಲ್ಲವೇ ಎಂದು ಹೆಸರಿನಲ್ಲೇ ಹೇಳುವ ಕಟ್ಟುಪಾಡು ಇಲ್ಲದಿದ್ದಾಗ ಹೆಂಗಸರಿಗೆ ಯಾಕೆ? ನಾನು ಒಪ್ಪುತ್ತೇನೆ.

ಈಗ ಲೆಕ್ಕಕ್ಕೆ ಬನ್ನಿ. 'ಎಂಬತ್ತೊಂಬತ್ತು ಅಂದ್ರೆ ಏಯ್ಟಿನೈನಾ, ಸೆವೆಂಟಿನೈನಾ?' ಎಂದು ಕೇಳುವ ನಮ್ಮ ಮಕ್ಕಳಿಗೆ ಇದು ಸಮಾಧಾನ ಕೊಡಬೇಕು. ಫ್ರಾನ್ಸಿನಲ್ಲಿ ಅರುವತ್ತರವರೆಗೆ ದಾರಿ ನೇರ. ಎಪ್ಪತ್ತಕ್ಕೆ 'ಸ್ವಾಸಾಂತ್-ದೀಸ್', ಅರುವತ್ತು-ಹತ್ತು. ಎಂಬತ್ತಕ್ಕೆ 'ಕಾತ್ರ-ವ್ಯಾಂ', ನಾಲ್ಕು ಇಪ್ಪತ್ತು. ತೊಂಬತ್ತೇಳು ಎಂದರೆ 'ಕಾತ್ರ-ವ್ಯಾಂ-ದಿಸೆತ್', ನಾಲ್ಕು ಇಪ್ಪತ್ತು ಮತ್ತು ಹದಿನೇಳು. ತರಕಾರಿ ಕೊಳ್ಳಲು ಹೋದವರು ಗುಣಾಕಾರ, ಸಂಕಲನ ಎರಡೂ ಮಾಡಬೇಕು. ಇದು ಇಪ್ಪತ್ತಿಪ್ಪತ್ತಾಗಿ ಎಣಿಸುತ್ತಿದ್ದ ಕಾಲದ ಉಳಿಕೆ. 13ನೆಯ ಶತಮಾನದಲ್ಲಿ ಒಂಬತ್ತನೆಯ ಲೂಯಿ ದೊರೆ ಪ್ಯಾರಿಸ್ಸಿನಲ್ಲಿ 300 ಮಂದಿ ಕುರುಡರಿಗಾಗಿ ಒಂದು ಆಶ್ರಯ ಕಟ್ಟಿಸಿದ. ಅದರ ಹೆಸರು 'ಕ್ಯಾಂಝ್-ವ್ಯಾಂ', ಹದಿನೈದು ಇಪ್ಪತ್ತು. ಈಗ ಅದು ಕಣ್ಣಿನ ಆಸ್ಪತ್ರೆ, ಹೆಸರು ಹಾಗೆಯೇ ಇದೆ.

ಗಡಿ ದಾಟಿ ಬೆಲ್ಜಿಯಂಗೆ ಹೋಗಿ: ಎಪ್ಪತ್ತು 'ಸೆಪ್ತಾಂತ್', ತೊಂಬತ್ತು 'ನೊನಾಂತ್'. ಎಷ್ಟು ಸರಳ! ಬೆಲ್ಜಿಯಂ ಆಳಿದ ಕಾಂಗೋದಲ್ಲೂ ಹೀಗೇ. ಸ್ವಿಟ್ಜರ್ಲೆಂಡಿನ ಕೆಲವು ಪ್ರಾಂತಗಳಲ್ಲಿ ಎಂಬತ್ತಕ್ಕೂ 'ಯುಯಿತಾಂತ್' ಎಂಬ ನೇರವಾದ ಪದವಿದೆ. ಜಿನೀವಾದಲ್ಲಿ ಮಾತ್ರ ನಾಲ್ಕು ಇಪ್ಪತ್ತೇ. ಹಾಗಾದರೆ ಫ್ರಾನ್ಸಿನವರಿಗೆ ಸೆಪ್ತಾಂತ್ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 1647ರಲ್ಲಿ ವೊಝೆಲಾ ಎಂಬ ವ್ಯಾಕರಣ ಪಂಡಿತ ಅದನ್ನು ತಳ್ಳಿಹಾಕಿದ. ಬೈಬಲ್ಲಿನ ಒಂದು ಹಳೆಯ ಅನುವಾದದ ಹೆಸರಿನಲ್ಲಿ ಬಿಟ್ಟು ಬೇರೆಲ್ಲೂ ಅದು ಫ್ರೆಂಚ್ ಅಲ್ಲ ಎಂದ. ಯಾವುದು ಒಳ್ಳೆಯ ಫ್ರೆಂಚ್ ಎಂಬುದಕ್ಕೆ ಅವನ ಅಳತೆಗೋಲು ಏನು ಗೊತ್ತೇ? ಅರಮನೆಯ ಆಸ್ಥಾನದಲ್ಲಿರುವ ಉತ್ತಮರು ಹೇಗೆ ಮಾತಾಡುತ್ತಾರೋ ಅದು. ಸುಲಭವಾದ ಲೆಕ್ಕ ಹಳ್ಳಿಯ ಪಾಲಾಯಿತು, ಕಷ್ಟದ ಲೆಕ್ಕ ಪಠ್ಯಪುಸ್ತಕ ಸೇರಿತು.

ಊಟದ ಹೆಸರುಗಳಿಗೂ ಇದೇ ಗತಿ. ಪುಸ್ತಕದಲ್ಲಿ ಬೆಳಗಿನ ತಿಂಡಿ 'ಪ್ತಿ ದೆಝನೆ', ಮಧ್ಯಾಹ್ನದ ಊಟ 'ದೆಝನೆ', ರಾತ್ರಿಯದು 'ದಿನೆ'. ಕ್ವಿಬೆಕ್, ಬೆಲ್ಜಿಯಂ, ಸ್ವಿಟ್ಜರ್ಲೆಂಡ್‌ಗಳಲ್ಲಿ ಬೆಳಿಗ್ಗೆ ದೆಝನೆ, ಮಧ್ಯಾಹ್ನ ದಿನೆ, ರಾತ್ರಿ 'ಸುಪೆ'. ಹಳೆಯದು ಇದೇ. ದೆಝನೆ, ದಿನೆ ಎರಡೂ 'ಉಪವಾಸ ಮುರಿ' ಎಂಬ ಒಂದೇ ಲ್ಯಾಟಿನ್ ಮಾತಿನಿಂದ ಬಂದವು. ಪ್ಯಾರಿಸ್ಸಿನ ಶ್ರೀಮಂತರು ತಡವಾಗಿ ಏಳತೊಡಗಿ, ತಡವಾಗಿ ಉಣ್ಣತೊಡಗಿದರು. ಹೆಸರುಗಳೂ ಅವರ ಜೊತೆ ಗಡಿಯಾರದಲ್ಲಿ ಮುಂದಕ್ಕೆ ಸರಿದವು. ಮಾಂಟ್ರಿಯಲ್ ಗೆಳೆಯ 'ದಿನೆಗೆ ಬಾ' ಎಂದು ಕರೆದರೆ ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಹೊರಡುವುದು ಕ್ಷೇಮ.

ಇನ್ನು ಗೃಹಿಣಿಯಾದ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನೆಲ ಒರೆಸುವ ಬಟ್ಟೆ. ಪುಸ್ತಕದಲ್ಲಿ 'ಸೆರ್ಪಿಯೇರ್'. ಫ್ರಾನ್ಸಿನ ಉತ್ತರ ತುದಿಯಲ್ಲಿ 'ವಾಸ್ಯಾಂಗ್', ಬೆಲ್ಜಿಯಮ್ಮಿನಲ್ಲಿ 'ಲೋಕ್', ಸ್ವಿಟ್ಜರ್ಲೆಂಡಿನಲ್ಲೂ ಪಕ್ಕದ ಸವ್ವಾದಲ್ಲೂ 'ಪನೋಸ್', ಪಶ್ಚಿಮದಲ್ಲಿ 'ಸ್ಯಾಂಸ್'. ದೊಡ್ಡ ತತ್ವದ ಪದಗಳು ಎಲ್ಲೆಡೆ ಒಂದೇ ಆಗಿರುತ್ತವೆ, ಪುಸ್ತಕದಿಂದ ಬಂದವು ನೋಡಿ. ಅಮ್ಮಂದಿರ ಕೈಯಲ್ಲಿರುವ ವಸ್ತುಗಳಿಗೆ ಊರೂರಿಗೊಂದು ಹೆಸರು. ತವರಿನಲ್ಲಿ ನಾವು 'ಅರಿವಿ'ಯಿಂದ ನೆಲ ಒರಸುತ್ತಿದ್ದೆವು. ಅತ್ತೆಯ ಮನೆಯಲ್ಲಿ ನೆಲ 'ಉದ್ದು'ತ್ತಾರೆ. ಮುಂಬಯಿಯಲ್ಲಿ ನಿಮಗೆಲ್ಲ ಗೊತ್ತಿರುವುದು 'ಲಾದಿ-ಪೋಚಾ' ಒಂದೇ.

ಚಾಕೊಲೇಟ್ ತುಂಬಿದ ಆ ಪದರು ಪದರಿನ ತಿನಿಸು ನೀವು ಬೇಕರಿಯಲ್ಲಿ ತಿಂದಿರಬಹುದು. ಪ್ಯಾರಿಸ್ಸಿನಲ್ಲಿ ಅದು 'ಪ್ಯಾಂ ಒ ಶೊಕೊಲಾ'. ತುಲೂಸ್, ಬೋರ್ದೋಗಳಿರುವ ನೈಋತ್ಯದಲ್ಲಿ 'ಶೊಕೊಲಾತೀನ್'. ಇದು ಬರೀ ಹೆಸರಿನ ಮಾತಲ್ಲ, ಸ್ವಾಭಿಮಾನದ ಪ್ರಶ್ನೆ! 2018ರಲ್ಲಿ ಆ ಕಡೆಯ ಹೆಸರಿಗೆ ಕಾನೂನಿನ ಮನ್ನಣೆ ದೊರೆಯಲಿ ಎಂದು ಕೆಲವು ಸಂಸದರು ಫ್ರಾನ್ಸಿನ ಸಂಸತ್ತಿನಲ್ಲಿ ತಿದ್ದುಪಡಿ ತಂದರು. ಬಿದ್ದುಹೋಯಿತು. ತುಲೂಸಿಗೆ ಹೋದಾಗ ನೀವು ಶೊಕೊಲಾತೀನ್ ಎಂದೇ ಕೇಳಿ, ಬೇಕರಿಯವಳ ಮುಖ ಅರಳುವುದನ್ನು ನೋಡಿ.

ಇಷ್ಟೆಲ್ಲ ಬಗೆಯ ಫ್ರೆಂಚ್ ಇದ್ದೂ ಪುಸ್ತಕದಲ್ಲಿ ಒಂದೇ ಯಾಕೆ ಎಂಬುದಕ್ಕೆ ಉತ್ತರ ಅಷ್ಟು ಸಿಹಿಯಲ್ಲ. 1794ರಲ್ಲಿ ಗ್ರೆಗ್ವಾರ್ ಎಂಬ ಪಾದ್ರಿ ಕ್ರಾಂತಿಯ ಸಭೆಗೆ ಒಂದು ವರದಿ ಕೊಟ್ಟರು. ದೇಶದಲ್ಲಿ ಕಡಿಮೆಯೆಂದರೂ 60 ಲಕ್ಷ ಜನರಿಗೆ ಫ್ರೆಂಚ್ ಬರುವುದೇ ಇಲ್ಲ. ಇನ್ನೂ ಅಷ್ಟೇ ಜನಕ್ಕೆ ಒಂದು ಸಂಭಾಷಣೆ ನಡೆಸಲಾಗದು. ಶುದ್ಧವಾಗಿ ಮಾತಾಡುವವರು 30 ಲಕ್ಷ ಮೀರುವುದಿಲ್ಲ ಎಂಬುದು ಅದರ ಲೆಕ್ಕ. ಊರ ನುಡಿಗಳನ್ನು ಇಲ್ಲವಾಗಿಸಬೇಕು ಎಂಬುದು ಅದರ ಸಲಹೆ. 1880ರ ದಶಕದಲ್ಲಿ ಶಾಲೆ ಕಡ್ಡಾಯವಾದ ಮೇಲೆ ಆ ಕೆಲಸ ಮೇಷ್ಟರ ಕೈಗೆ ಬಂತು. ಬ್ರಿಟನಿ ಪ್ರಾಂತದಲ್ಲಿ, ದಕ್ಷಿಣದ ಓಕ್ ನಾಡಿನಲ್ಲಿ, ಮನೆಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡೋ ಹಳೆಯ ಮರದ ಚಪ್ಪಲಿಯೋ ಒಂದು ಕಟ್ಟುತ್ತಿದ್ದರು. ಅದನ್ನು ಕಳಚಬೇಕಾದರೆ ಮನೆಮಾತಾಡುವ ಇನ್ನೊಬ್ಬ ಗೆಳೆಯನನ್ನು ಹಿಡಿದುಕೊಡಬೇಕು. ಸಂಜೆ ಯಾರ ಕೊರಳಲ್ಲಿ ಉಳಿಯುತ್ತದೋ ಅವರಿಗೆ ಶಿಕ್ಷೆ. ಬ್ರಿಟನಿಯ ಲೇಖಕ ಪೆರ್ ಜಾಕೆಝ್ ಎಲಿಯಾಸ್ 1975ರಲ್ಲಿ ಪ್ರಕಟಿಸಿದ ಬಾಲ್ಯದ ನೆನಪುಗಳಲ್ಲಿ ಈ ಶಿಕ್ಷೆ ಬರುತ್ತದೆ.

ನಾನು ಇದನ್ನು ಓದಿದಾಗ ನಮ್ಮದೇ ಹುಡುಗ ಹುಡುಗಿಯರ ಮುಖ ನೆನಪಾಯಿತು. ರಾಜ್ಯೋತ್ಸವದ ನಾಟಕಕ್ಕೆ ಬನ್ನಿ ಎಂದರೆ 'ಬೇಡ ಆಂಟಿ, ನಮ್ಮ ಕನ್ನಡ ಸರಿ ಇಲ್ಲ' ಎಂದು ಹಿಂದೆ ಸರಿಯುವವರು. ಯಾರೂ ಅವರ ಕೊರಳಿಗೆ ಏನೂ ಕಟ್ಟಿಲ್ಲ. ಊರಿನ ಮದುವೆ ಮನೆಯಲ್ಲಿ ಅತ್ತೆಯೋ ಚಿಕ್ಕಪ್ಪನೋ ಒಮ್ಮೆ ನಕ್ಕಿರುತ್ತಾರೆ, ಅಷ್ಟೇ. 'ಅಮ್ಮನ ಧಾರವಾಡದ ಮಾತು, ಅಪ್ಪನ ಉಡುಪಿಯ ಮಾತು, ನಡುವೆ ಒಂದು ಹಿಂದಿ, ಇದು ಯಾವ ಕನ್ನಡ?' ಎಂದು. ನನ್ನ ಮಗಳ ಕನ್ನಡ ಅದೇ. ಬೆಲ್ಜಿಯಮ್ಮಿನವರ ಫ್ರೆಂಚಿಗಿಂತ ಅದರಲ್ಲಿ ಕೊರತೆ ಏನೂ ನನಗೆ ಕಾಣುವುದಿಲ್ಲ.

ಪ್ಯಾರಿಸ್ಸಿನಿಂದ ದೂರವಿದ್ದವರು ಭಾಷೆ ಕೆಡಿಸುತ್ತಾರೆ ಎಂಬ ಮಾತಿಗೆ ಕ್ವಿಬೆಕ್ ಒಳ್ಳೆಯ ಉತ್ತರ. ಸುತ್ತ ಇಂಗ್ಲಿಷಿನ ಸಮುದ್ರ, ನಡುವೆ ಇವರು. 1977ರ ಭಾಷಾ ಕಾನೂನಿನ ನಂತರ ಅಂಗಡಿಯ ಫಲಕ, ಕಚೇರಿ, ಶಾಲೆ ಎಲ್ಲೆಡೆ ಫ್ರೆಂಚ್ ಹಿಡಿದು ನಿಲ್ಲಿಸಿದರು. ಫ್ರಾನ್ಸಿನವರು 'ವಿಕೆಂಡ್', 'ಪಾರ್ಕಿಂಗ್', 'ಶಾಪಿಂಗ್' ಎಂದು ಆರಾಮಾಗಿ ಹೇಳುತ್ತಾರೆ. ಇವರು 'ಫ್ಯಾಂ ದ ಸ್ಮೆನ್', 'ಸ್ತಾಸಿಯೊನ್‌ಮಾಂ', 'ಮಗಝಿನಾಝ್' ಎನ್ನುತ್ತಾರೆ. ಫ್ರಾನ್ಸಿನ ರಸ್ತೆಯ ಕೆಂಪು ಫಲಕದಲ್ಲಿ 'ಸ್ಟಾಪ್' ಎಂದಿರುತ್ತದೆ, ಕ್ವಿಬೆಕಿನಲ್ಲಿ 'ಅರೆ'! ಇಮೇಲ್‌ಗೆ ಅಲ್ಲಿ ಹುಟ್ಟಿದ 'ಕೂರಿಯೆಲ್' ಎಂಬ ಪದವನ್ನು 2003ರಲ್ಲಿ ಫ್ರಾನ್ಸ್ ಸರ್ಕಾರವೇ ತನ್ನ ಕಡತಗಳಿಗೆ ಸ್ವೀಕರಿಸಿತು. ಅದೇ ಕ್ವಿಬೆಕಿನವರು ಮನೆಯೊಳಗೆ ಇಂಗ್ಲಿಷ್ ಬೆರೆಸಿ ಮಾತಾಡುತ್ತಾರೆ ಎನ್ನುವುದೂ ನಿಜ. ಗೆಳೆಯನಿಗೆ 'ಚಮ್' ಎನ್ನುತ್ತಾರೆ. ಗೆಳತಿಗೆ 'ಬ್ಲೋಂದ್', ಅಂದರೆ ಹೊಂಗೂದಲಿನವಳು. ಕೂದಲು ನಮ್ಮಷ್ಟು ಕಪ್ಪಾಗಿದ್ದರೂ ಸರಿ. 'ದೆಪನರ್' ಎಂದರೆ ಫ್ರಾನ್ಸಿನಲ್ಲಿ ಕೆಟ್ಟ ವಾಹನ ರಿಪೇರಿ ಮಾಡುವವನು, ಮಾಂಟ್ರಿಯಲ್‌ನಲ್ಲಿ ಹಾಲು, ಬ್ರೆಡ್ ಸಿಗುವ ಮೂಲೆಯಂಗಡಿ. ಫ್ರಾನ್ಸಿನಲ್ಲಿ ಮಕ್ಕಳಿಗೆ ಸಲಿಗೆಯಿಂದ ಹೇಳುವ 'ಗೋಸ್' ಎಂಬ ಪದವನ್ನು ಮಾತ್ರ ಅಲ್ಲಿ ಬಳಸಬೇಡಿ. ಅದರ ಅರ್ಥ ಸಂಘದ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಆಫ್ರಿಕವನ್ನು ಪಠ್ಯಪುಸ್ತಕ ಒಂದು ಚಿತ್ರದಲ್ಲಿ ಮುಗಿಸಿಬಿಡುತ್ತದೆ. ಫ್ರೆಂಚ್ ಮಾತಾಡುವ ದೇಶಗಳ ಒಕ್ಕೂಟದ 2022ರ ವರದಿಯಂತೆ ಜಗತ್ತಿನಲ್ಲಿ ಫ್ರೆಂಚ್ ಬಲ್ಲವರು 32 ಕೋಟಿ. ಹೆಚ್ಚಿನವರು ಇರುವುದು ಆಫ್ರಿಕದಲ್ಲಿ. ಪೆಟ್ರೋಲ್ ಬಂಕಿಗೆ ಪ್ಯಾರಿಸ್ಸಿನವರು ಎರಡು ಪದ ಜೋಡಿಸಿ 'ಸ್ತಾಸಿಯೋಂ ಸೆರ್ವೀಸ್' ಎನ್ನುವಾಗ ಸೆನೆಗಲ್ಲಿನವರು 'ಎಸಾಂಸ್‌ರೀ' ಎಂದು ಒಂದೇ ಪದದಲ್ಲಿ ಮುಗಿಸಿದರು. ಉಡುಗೊರೆ ಕೊಡುವುದಕ್ಕೆ ಅಲ್ಲಿ 'ಕದೋತೆ' ಎಂಬ ಕ್ರಿಯಾಪದ ಮಾಡಿಕೊಂಡಿದ್ದಾರೆ. ದೂರದಿಂದ ಬಂದವರಿಗೆ ಪಶ್ಚಿಮ ಆಫ್ರಿಕದಲ್ಲಿ 'ಬೋನ್ ಅರಿವೆ' ಎನ್ನುತ್ತಾರೆ, 'ಒಳ್ಳೆಯ ಆಗಮನ'. ಬಾಗಿಲಲ್ಲಿ ನಿಂತು ಕಾಲಿಗೆ ನೀರು ಕೊಡುವ ಮನೆಗಳ ಮಾತು ಅದು ಎಂದು ನನಗೆ ಅನ್ನಿಸುತ್ತದೆ.

ಕಡೆಗೆ ನಿಮ್ಮ ವಯಸ್ಸಿನವರ ಫ್ರೆಂಚ್. 'ವೆರ್‌ಲಾಂ' ಎಂಬ ಹೆಸರಿನಲ್ಲೇ ಅದರ ಗುಟ್ಟಿದೆ: ಹಿಂದುಮುಂದು ಎಂಬ ಅರ್ಥದ 'ಲಾಂವೆರ್' ಅನ್ನು ಹಿಂದುಮುಂದು ಮಾಡಿದರೆ ವೆರ್‌ಲಾಂ. ಹುಚ್ಚು ಎಂಬ 'ಫೂ' ತಿರುಗಿ 'ಊಫ್'. ಹೆಂಗಸು ಎಂಬ 'ಫಾಮ್' ತಿರುಗಿ 'ಮೆಫ್'. ಸಂಶಯಾಸ್ಪದ ಎಂಬ 'ಲೂಶ್' ತಿರುಗಿ 'ಶಲೂ'. ಮೆರ್ಸಿ 'ಸಿಮೆರ್'. ಆಟ ಹಳೆಯದೇ, ರೆನೋ ಎಂಬ ಗಾಯಕನ 1977ರ ಹಾಡೊಂದು ಇದನ್ನು ಮನೆಮನೆಗೆ ತಂದಿತು. ಇದನ್ನು ದಿನದ ಭಾಷೆಯಾಗಿ ಬೆಳೆಸಿದವರಲ್ಲಿ ಪ್ಯಾರಿಸ್ ಸುತ್ತಲಿನ ಎತ್ತರದ ಕಟ್ಟಡಗಳ ಬಡಾವಣೆಗಳ ಮಕ್ಕಳು ಮುಖ್ಯರು. ಅವರಲ್ಲಿ ಬಹಳಷ್ಟು ಜನರ ಅಪ್ಪ ಅಮ್ಮ ಅಲ್ಜೀರಿಯಾ, ಮೊರಾಕೊ, ಟುನೀಸಿಯಾಗಳಿಂದ ದುಡಿಯಲು ಬಂದವರು. ಮನೆಯಲ್ಲಿ ಅರಬ್ಬಿ ಅರ್ಧ ಬರುತ್ತದೆ, ಶಾಲೆಯಲ್ಲಿ ಫ್ರೆಂಚ್ ಸಾಲದು ಎನ್ನುತ್ತಾರೆ, ರಜೆಗೆ ಅಜ್ಜನ ಊರಿಗೆ ಹೋದರೆ 'ಫ್ರಾನ್ಸಿನವರು ಬಂದರು' ಎನ್ನುತ್ತಾರೆ. ಎರಡನೆಯ ತಲೆಮಾರು. ನಿಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಬೀದಿಯಲ್ಲಿ ಬೈಗುಳದಂತೆ ಬೀಳುತ್ತಿದ್ದ 'ಅರಾಬ್' ಎಂಬ ಪದವನ್ನು ಈ ಮಕ್ಕಳು ತಾವೇ ತಿರುಗಿಸಿ 'ಬೆರ್' ಮಾಡಿಕೊಂಡರು. 1983ರ ಅಕ್ಟೋಬರ್ 15ರಂದು ಮಾರ್ಸೇಯಿಂದ ಒಂದು ಸಣ್ಣ ಗುಂಪು ಸಮಾನತೆ ಕೇಳುತ್ತಾ, ಜನಾಂಗ ದ್ವೇಷ ಬೇಡವೆನ್ನುತ್ತಾ ಹೊರಟಿತು. ಡಿಸೆಂಬರ್ 3ರಂದು ಪ್ಯಾರಿಸ್ ಮುಟ್ಟುವಾಗ ಜೊತೆಗೆ ಸುಮಾರು ಒಂದು ಲಕ್ಷ ಜನ. ಪತ್ರಿಕೆಗಳು ಅದನ್ನು 'ಬೆರ್‌ಗಳ ನಡಿಗೆ' ಎಂದೇ ಕರೆದವು. ಆ ದಶಕದಲ್ಲೇ ಪದ ನಿಘಂಟಿಗೂ ಸೇರಿತು. ಪತ್ರಿಕೆಯವರು, ಮಂತ್ರಿಗಳು, ಮೇಷ್ಟರುಗಳು ಎಲ್ಲರೂ ಬೆರ್ ಬೆರ್ ಎನ್ನತೊಡಗಿದ ಮೇಲೆ ಹುಡುಗರಿಗೆ ಅದು ಬೇಸರ ಬಂತು. ಇಂದು ಆ ಪದ ಅನೇಕರಿಗೆ ಹಿಡಿಸುವುದಿಲ್ಲ. ಏನು ಮಾಡಿದರು ಗೊತ್ತೇ? ತಿರುಗಿಸಿದ್ದನ್ನೇ ಮತ್ತೊಮ್ಮೆ ತಿರುಗಿಸಿ 'ರಬೆ' ಮಾಡಿದರು. ಅದೂ ಈಗ ನಿಘಂಟಿನಲ್ಲಿದೆ ಎಂದು ಮಗಳು ಹೇಳುತ್ತಾಳೆ. ಮೂರನೆಯ ಸಲ ತಿರುಗಿಸುವ ಕೆಲಸ ಯಾವ ಬಡಾವಣೆಯಲ್ಲಿ ನಡೆಯುತ್ತಿದೆಯೋ!